ಪಕ್ಕದ ಮನೆಯ ಹಾಲಿನ ಬಾಟಲಿ

ಹಳೆಯ ಹಾಲಿವುಡ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿದ ಶಿವಮೊಗ್ಗದ ಓದುಗರೊಬ್ಬರು ನಮಗೆ ಪತ್ರ ಬರೆದಿದ್ದಾರೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಜನ ಒಂದು ತುಂಡು ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದಾಗ ಅಲ್ಲಿನ ಚಿತ್ರಗಳು ಕುಣಿತದಲ್ಲೂ ಕೋಟ್ಯಧೀಶರ ಮದುವೆಗಳಲ್ಲೂ ಮುಳುಗಿದ್ದವಲ್ಲವೇ, ಅವುಗಳಲ್ಲಿ ಸಮಾಜವನ್ನು ಹುಡುಕುವುದು ವ್ಯರ್ಥವಲ್ಲವೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ನೀವು ದೂರುವ ಕುಣಿತದ ಚಿತ್ರಗಳಲ್ಲೇ ಒಂದನ್ನು ನೋಡೋಣ. 'ಗೋಲ್ಡ್ ಡಿಗ್ಗರ್ಸ್ ಆಫ್ 1933' ಶುರುವಾಗುವುದು, ಮೈತುಂಬ ನಾಣ್ಯ ತೊಟ್ಟ ಹುಡುಗಿಯರು ನಮ್ಮ ಬಳಿ ಈಗ ದುಡ್ಡೇ ದುಡ್ಡು ಎಂದು ಹಾಡುವುದರಿಂದ. ಅಷ್ಟರಲ್ಲಿ ಜಪ್ತಿಗೆ ಬಂದ ಜನ ರಂಗಕ್ಕೆ ನುಗ್ಗಿ ಪರದೆ, ಉಡುಪುಗಳನ್ನಷ್ಟೇ ಅಲ್ಲದೆ ಹುಡುಗಿಯರ ಮೈಮೇಲಿನ ನಾಣ್ಯಗಳನ್ನೂ ಕಿತ್ತುಕೊಳ್ಳುತ್ತಾರೆ. ಮುಂದೆ, ಕೆಲಸ ಕಳೆದುಕೊಂಡು ಒಂದೇ ಮನೆಯಲ್ಲಿರುವ ಮೂವರು ನಟಿಯರಲ್ಲೊಬ್ಬಳು ಕಿಟಕಿಯಿಂದ ಇಕ್ಕಳ ಚಾಚಿ ಪಕ್ಕದ ಮನೆಯವರ ಹಾಲಿನ ಬಾಟಲಿಯನ್ನು ಎತ್ತಿಕೊಳ್ಳುತ್ತಾಳೆ. ನಗಿಸಲೆಂದೇ ಇಟ್ಟ ದೃಶ್ಯವದು. ಆದರೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದಿದ್ದ ಆ ವರ್ಷ ಅದಕ್ಕೆ ನಕ್ಕವರಲ್ಲಿ ಎಷ್ಟು ಮಂದಿ ತಮ್ಮ ಮನೆಯ ಖಾಲಿ ಬಾಟಲಿಯನ್ನು ನೆನೆದಿರಬಹುದು!

ಅದೇ ಚಿತ್ರದ ಕೊನೆಯ ಹಾಡಿನಲ್ಲಿ ಪೊಲೀಸನೊಬ್ಬ ಬೀದಿಯ ಅಲೆಮಾರಿಯನ್ನು ಹಿಡಿದೆಳೆದಾಗ, ಹಾಡುತ್ತಿರುವ ಹೆಂಗಸು ಆ ಅಲೆಮಾರಿಯ ಕೋಟಿನ ಅಂಚು ಮಗುಚಿ ಒಳಗಿನ ಯುದ್ಧಪದಕವನ್ನು ತೋರಿಸುತ್ತಾಳೆ. ಅಂದಿನ ಪ್ರೇಕ್ಷಕರಿಗೆ ವಿವರಣೆ ಬೇಕಿರಲಿಲ್ಲ. ಯುದ್ಧಸೇವೆಗಾಗಿ 1945ರಲ್ಲಿ ಸಿಗಬೇಕಿದ್ದ ಹಣವನ್ನು ಈಗಲೇ ಕೊಡಿರೆಂದು ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದ ಮೊದಲ ಮಹಾಯುದ್ಧದ ಸೈನಿಕರನ್ನು ಅವರದೇ ದೇಶದ ಸೇನೆ ಅಶ್ರುವಾಯು ಸಿಡಿಸಿ ಓಡಿಸಿದ್ದು 1932ರ ಜುಲೈನಲ್ಲಿ; ಚಿತ್ರ ತೆರೆಕಂಡಾಗ ಅದಕ್ಕಿನ್ನೂ ವರ್ಷ ತುಂಬಿರಲಿಲ್ಲ. 1932ರಲ್ಲೇ ಬಂದ 'ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್' ಚಿತ್ರದಲ್ಲಿ ಪದಕವನ್ನು ಒತ್ತೆಯಿಡಲು ಬಂದವನಿಗೆ ಗಿರವಿ ಅಂಗಡಿಯವನು ತನ್ನಲ್ಲಿ ಆಗಲೇ ರಾಶಿಬಿದ್ದಿರುವ ಪದಕಗಳನ್ನು ತೋರಿಸುತ್ತಾನೆ.

ಹುರುಳಿದೆ ಎಂದೆನಲ್ಲ, ಅದು ಮುಕ್ತಾಯಗಳ ವಿಷಯದಲ್ಲಿ. ಮನೆ ಬಿಟ್ಟು ಗೂಡ್ಸ್ ರೈಲು ಹತ್ತಿ ಅಲೆಯುವ ಮಕ್ಕಳ ಕಥೆಯಾದ 'ವೈಲ್ಡ್ ಬಾಯ್ಸ್ ಆಫ್ ದಿ ರೋಡ್' (1933) ಒಬ್ಬ ಹುಡುಗನ ಕಾಲು ರೈಲಿಗೆ ಸಿಕ್ಕಿ ಹೋಗುವುದನ್ನು ತೋರಿಸುವಷ್ಟು ನಿಷ್ಠುರವಾಗಿದೆ. ಕೊನೆಗೆ ಮಾತ್ರ ರೂಸ್‌ವೆಲ್ಟ್ ಸರ್ಕಾರದ ನೀಲಿ ಹದ್ದಿನ ಲಾಂಛನದ ಕೆಳಗೆ ಕುಳಿತ ನ್ಯಾಯಾಧೀಶರು ಎಲ್ಲವನ್ನೂ ಸರಿಪಡಿಸುವ ಭರವಸೆ ಕೊಡುತ್ತಾರೆ. ನನಗೆ ಅದು ಸರ್ಕಾರಿ ಜಾಹೀರಾತಿನಂತೆ ಕಾಣುತ್ತದೆ. ಇನ್ನು ಬಿಳಿಯರಿಗಿಂತ ಹೆಚ್ಚು ಪ್ರಮಾಣದಲ್ಲಿ ಕೆಲಸ ಕಳೆದುಕೊಂಡ ಕಪ್ಪು ಜನರು ಈ ಚಿತ್ರಗಳಲ್ಲಿ ಬಹುಮಟ್ಟಿಗೆ ಅಡುಗೆಯವರಾಗಿ, ಆಳುಗಳಾಗಿ ಮಾತ್ರ ಬಂದುಹೋಗುತ್ತಾರೆ. ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.

ನೀವು ಒಂದೇ ಚಿತ್ರ ನೋಡುವುದಿದ್ದರೆ 1937ರ 'ಮೇಕ್ ವೇ ಫಾರ್ ಟುಮಾರೋ' ನೋಡಿ. ಸ್ಟುಡಿಯೋ ಸುಖಾಂತ್ಯ ಬೇಕೆಂದರೂ ನಿರ್ದೇಶಕ ಲಿಯೋ ಮೆಕ್ಯಾರಿ ಒಪ್ಪಲಿಲ್ಲ. ವೃದ್ಧ ದಂಪತಿಯ ಮನೆ ಬ್ಯಾಂಕಿನ ಪಾಲಾಗಿದೆ. ಐವರು ಮಕ್ಕಳಲ್ಲಿ ತಂದೆತಾಯಿಯರಿಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವವರು ಒಬ್ಬರೂ ಇಲ್ಲವಾಗಿ ಗಂಡನೊಂದು ಕಡೆ, ಹೆಂಡತಿಯೊಂದು ಕಡೆಯಾಗುತ್ತಾರೆ. ವೃದ್ಧಾಪ್ಯ ವೇತನದ ಕಾನೂನು 1935ರಲ್ಲೇ ಬಂದಿತ್ತಾದರೂ ತಿಂಗಳ ಪಾವತಿ ಆರಂಭವಾದದ್ದು 1940ರಲ್ಲಿ. ಮಗನ ಮನೆಯಲ್ಲಿ ಸೊಸೆ ಇಸ್ಪೀಟಿನ ಪಾಠ ನಡೆಸುತ್ತಿರುವಾಗ ದೂರದಲ್ಲಿರುವ ಗಂಡನ ಫೋನ್ ಬರುತ್ತದೆ. ಫೋನಿನಲ್ಲಿ ಮಾತನಾಡಿ ಅಭ್ಯಾಸವಿಲ್ಲದ ಮುದುಕಿ ಕೂಗಿ ಕೂಗಿ ಮಾತನಾಡತೊಡಗುತ್ತಾಳೆ. ಆಟಕ್ಕೆ ಅಡ್ಡಿಯಾಯಿತೆಂದು ಮೊದಲು ಬೇಸರಪಟ್ಟ ಅತಿಥಿಗಳು ಕ್ರಮೇಣ, ಕೈಯಲ್ಲಿ ಎಲೆಗಳನ್ನು ಹಿಡಿದಂತೆಯೇ, ಒಬ್ಬರ ಮುಖ ಒಬ್ಬರು ನೋಡಲಾರದೆ ಸುಮ್ಮನಾಗುತ್ತಾರೆ.