ಪಂಚಾಯತ್ ಚುನಾವಣೆಗೆ ನಿಲ್ಲಬಹುದೇ?

ಪ್ರಶ್ನೆ: ನಮ್ಮ ವಾರ್ಡಿಗೆ ಮಹಿಳಾ ಮೀಸಲಾತಿ ಬಂದಿದೆ. ನಿಲ್ಲುವ ಮನಸ್ಸಿದೆ. ಆದರೆ "ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನಾಂಗ ಉದ್ಧಾರವಾಗದು ಅಂತ ಹದೀಸೇ ಇದೆಯಲ್ಲ" ಎನ್ನುತ್ತಾರೆ ಮನೆಯವರು. ಏನು ಹೇಳಲಿ?
– ಓರ್ವ ಸಹೋದರಿ, ಬಂಟ್ವಾಳ

ಉತ್ತರ: ಹದೀಸ್ (ಪ್ರವಾದಿಯವರ ನುಡಿ) ಇರುವುದು ನಿಜ. ಬುಖಾರಿ ಹದೀಸ್ ಸಂಗ್ರಹದಲ್ಲಿದೆ, ವರದಿ ಮಾಡಿದವರು ಅಬೂಬಕ್‌ರಾ(ರ). ಇವರು ಪ್ರಥಮ ಖಲೀಫಾ ಅಬೂಬಕ್ಕರ್ ಸಿದ್ದೀಕ್(ರ) ಅಲ್ಲ, ಬೇರೆ ಸಹಾಬಿ (ಪ್ರವಾದಿಯವರ ಅನುಚರ). ಪರ್ಶಿಯನ್ನರು ತಮ್ಮ ದೊರೆ ಕಿಸ್ರಾನ ಮಗಳನ್ನು ಸಿಂಹಾಸನಕ್ಕೇರಿಸಿದ ಸುದ್ದಿ ತಲುಪಿದಾಗ ಪ್ರವಾದಿ(ಸ) ಆಡಿದ ಮಾತದು. ಇದನ್ನು ಆಧರಿಸಿಯೇ ಪೂರ್ವಿಕ ವಿದ್ವಾಂಸರಲ್ಲಿ ಬಹುಪಾಲು ಮಂದಿ ಖಿಲಾಫತ್, ಅಂದರೆ ಸೈನ್ಯ, ನ್ಯಾಯ, ನಮಾಝಿನ ನೇತೃತ್ವ ಎಲ್ಲವೂ ಒಂದೇ ಕೈಯಲ್ಲಿರುವ ಸ್ಥಾನ, ಮಹಿಳೆಗಿಲ್ಲ ಎಂದರು. ಇದನ್ನು ಮುಚ್ಚಿಟ್ಟು ವಾದಿಸಬೇಡಿ.

ಆದರೆ ಅದಕ್ಕಿಂತ ಕೆಳಗಿನ ಹುದ್ದೆಗಳ ವಿಷಯದಲ್ಲಿ ಹಿಂದಿನವರಲ್ಲೇ ಒಮ್ಮತವಿರಲಿಲ್ಲ. ಹುದೂದ್ (ನಿಗದಿತ ಶಿಕ್ಷೆಯ ಅಪರಾಧ), ಕಿಸಾಸ್ (ಪ್ರತೀಕಾರದ ಶಿಕ್ಷೆ) ಬಿಟ್ಟು ಉಳಿದ ವ್ಯವಹಾರಗಳಲ್ಲಿ ಮಹಿಳೆ ಖಾಝಿ (ನ್ಯಾಯಾಧೀಶೆ) ಆಗಬಹುದು ಎಂಬುದು ಇಮಾಂ ಅಬೂ ಹನೀಫರ ನಿಲುವು. ಎಲ್ಲದರಲ್ಲೂ ಆಗಬಹುದು ಎಂಬುದು ಪೂರ್ವಿಕ ವಿದ್ವಾಂಸ ತಬರಿಯವರದೆಂದು ಗ್ರಂಥಗಳು ದಾಖಲಿಸುತ್ತವೆ. ಶಾಫಿಈ ಮದ್‌ಹಬ್ (ಕರ್ಮಶಾಸ್ತ್ರದ ಪಂಥ) ಇದನ್ನು ಒಪ್ಪುವುದಿಲ್ಲ. ಕರಾವಳಿಯಲ್ಲಿ ಶಾಫಿಈಗಳೇ ಹೆಚ್ಚಾದ್ದರಿಂದ ನಿಮ್ಮ ಕಿವಿಗೆ ಬೀಳುವುದು ಈ ಅಭಿಪ್ರಾಯವೇ. ಆದರೆ ಪಂಚಾಯತ್ ಸದಸ್ಯೆ ಖಾಝಿಯೂ ಅಲ್ಲ, ಸುಲ್ತಾನಳೂ ಅಲ್ಲ. ಆಕೆ ವಾರ್ಡಿನವರ ವಕೀಲ್ (ಪ್ರತಿನಿಧಿ), ಶೂರಾದಲ್ಲಿ (ಸಮಾಲೋಚನಾ ಸಭೆಯಲ್ಲಿ) ಕೂತು ಮಾತಾಡುವವಳು. ಈ ವಿಷಯದಲ್ಲಿ ತುಂಬ ಬಿಗಿ ಎನಿಸಿಕೊಂಡಿದ್ದ ದೇವಬಂದ್ ಪರಂಪರೆಯ ಮೌಲಾನಾ ಅಶ್ರಫ್ ಅಲಿ ಥಾನವಿಯವರೇ ಈ ಹದೀಸ್ ಅನ್ವಯಿಸುವುದು ಪೂರ್ಣ ಸ್ವತಂತ್ರ ಆಳ್ವಿಕೆಗೆ, ಸಮಾಲೋಚನೆಯಿಂದ ನಡೆಯುವ ಆಡಳಿತಕ್ಕಲ್ಲ ಎಂದು ಫತ್ವಾ ಕೊಟ್ಟಿದ್ದಾರೆ. ಮನೆಯವರ ಮುಂದೆ ಇಡಲು ಇದಕ್ಕಿಂತ ಗಟ್ಟಿ ಆಧಾರ ಸಿಗಲಿಕ್ಕಿಲ್ಲ.

ಶೂರಾದಲ್ಲಿ ಹೆಣ್ಣಿನ ಮಾತಿಗೆ ಬೆಲೆಯಿತ್ತೇ ಎಂದರೆ ಹುದೈಬಿಯಾ ನೋಡಿ. ಕ್ರಿ.ಶ. 628. ಉಮ್ರಾ (ಮಕ್ಕಾ ಯಾತ್ರೆ) ಮಾಡದೇ ಹಿಂದಿರುಗುವ ಒಪ್ಪಂದವಾಗಿ, ಬಲಿ ಕೊಟ್ಟು ತಲೆ ಬೋಳಿಸಿರೆಂದು ಪ್ರವಾದಿ(ಸ) ಹೇಳಿದರೂ ಬೇಸರದಲ್ಲಿದ್ದ ಅನುಚರರು ಯಾರೂ ಏಳಲಿಲ್ಲ. "ಯಾರೊಂದಿಗೂ ಮಾತಾಡದೆ ಹೊರಗೆ ಹೋಗಿ ಮೊದಲು ನೀವೇ ಮಾಡಿ" ಎಂದವರು ಪ್ರವಾದಿ ಪತ್ನಿ ಉಮ್ಮು ಸಲಮಾ(ರ). ಪ್ರವಾದಿ(ಸ) ಹಾಗೇ ಮಾಡಿದರು, ಎಲ್ಲರೂ ಎದ್ದರು. ಅದಕ್ಕೂ ಮೊದಲು, ಮದೀನಾದ ಬುನಾದಿಯೇ ಆದ ಎರಡನೇ ಅಕಬಾ ಒಪ್ಪಂದದಲ್ಲಿ 73 ಪುರುಷರ ಜೊತೆ ಇಬ್ಬರು ಮಹಿಳೆಯರಿದ್ದರು, ಒಬ್ಬರು ಉಮ್ಮು ಉಮಾರಾ(ರ). ಮಹಿಳೆಯರ ಬೈಅತ್ (ನಿಷ್ಠೆಯ ಪ್ರತಿಜ್ಞೆ) ಕೈ ಹಿಡಿಯದೆ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಪ್ರಚಾರಕ್ಕೆ ಹೋದಾಗ ಕೈಕುಲುಕಲೇಬೇಕೇ ಎಂಬ ಅಳುಕಿದ್ದರೆ ಅದಕ್ಕೂ ಉತ್ತರ ಇಲ್ಲಿದೆ.

ಇನ್ನು ಕಾಗದಪತ್ರ. ವಯಸ್ಸು 21 ತುಂಬಿರಬೇಕು. ಅದೇ ಪಂಚಾಯತಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಎಡವುವುದು ಇಲ್ಲೇ: ಮದುವೆಯಾಗಿ ವರ್ಷಗಳಾದರೂ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಚುನಾವಣೆ ಘೋಷಣೆಯಾಗುವುದಕ್ಕೆ ಮೊದಲೇ ನಮೂನೆ 8ರಲ್ಲಿ ವರ್ಗಾಯಿಸಿಕೊಳ್ಳಿ. ಮೀಸಲಾತಿ 'ಸಾಮಾನ್ಯ ಮಹಿಳೆ'ಯೋ 'ಹಿಂದುಳಿದ ವರ್ಗ'ದ್ದೋ ಎಂದೂ ನೋಡಿ. ಎರಡನೆಯದಾದರೆ ತಹಶೀಲ್ದಾರರ ಪ್ರಮಾಣಪತ್ರ ಕೈಯಲ್ಲಿರಬೇಕು. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ, ಟಿಕೆಟ್ ಕೊಡಿಸುತ್ತೇನೆ ಎನ್ನುವವರನ್ನು ನಂಬಬೇಡಿ.

ಪ್ರಶ್ನೆ: ನಮ್ಮೂರಲ್ಲಿ ಅಧ್ಯಕ್ಷೆ ಸಹಿ ಮಾತ್ರ ಹಾಕುತ್ತಾರೆ, ಕಾರುಬಾರು ಪತಿಯದು. ಪರ್ದಾ ಉಳಿಯಲು ಇದು ಒಳ್ಳೆಯದಲ್ಲವೇ?
– ಓರ್ವ ಓದುಗರು, ಹಾವೇರಿ

ಉತ್ತರ: ಅಲ್ಲ. ಹೊಣೆ ಎಂಬುದು ಅಮಾನತ್ (ನಂಬಿ ಒಪ್ಪಿಸಿದ್ದು), ಮತದಾರರು ಕೊಟ್ಟದ್ದು ಆಕೆಗೆ. ಅದನ್ನು ಗಂಡನಿಗೆ ದಾಟಿಸುವ ಹಕ್ಕು ಆಕೆಗಿಲ್ಲ, ಕಸಿದುಕೊಳ್ಳುವ ಹಕ್ಕು ಅವರಿಗೂ ಇಲ್ಲ. ಪರ್ದಾದ ನೆಪ ಇಲ್ಲಿ ಬೇಡ, ಹಿಜಾಬ್ ಧರಿಸಿಯೇ ಸಭೆ ನಡೆಸಬಹುದು. ಹಾನಿಯೂ ಆಕೆಗೇ. ಹಣಕಾಸು ಆಯೋಗದ ಅನುದಾನದ ಪಾವತಿಗೆ ಈಗ ಅಧ್ಯಕ್ಷೆ ಮತ್ತು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿ ಬೇಕು. ಆ ಸಹಿಯ ಡೋಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಸಾಧನ) ಮತ್ತು ಪಾಸ್‌ವರ್ಡ್ ಗಂಡನ ಜೇಬಿನಲ್ಲಿದ್ದರೆ, ಆಗದ ಕಾಮಗಾರಿಗೆ ಬಿಲ್ಲಾದಾಗ ಆಡಿಟ್‌ನಲ್ಲಿ ನೋಟಿಸು ಬರುವುದು ಹೆಂಡತಿಯ ಹೆಸರಿಗೆ. ಡೋಂಗಲ್ ತಾನೇ ಇಟ್ಟುಕೊಳ್ಳಲಿ. ಸಭೆಯ ಕಾರ್ಯಸೂಚಿಯನ್ನು ಹಿಂದಿನ ದಿನವೇ ಓದಿಸಿಕೊಳ್ಳಲಿ. ನಡಾವಳಿ ಪುಸ್ತಕದಲ್ಲಿ ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಬೇಡವೇ ಬೇಡ. ಆಮೇಲೆ ಅಲ್ಲಿ ಏನು ಸೇರುತ್ತದೋ ಅದೂ ಆಕೆಯ ನಿರ್ಣಯವೇ ಆಗಿಬಿಡುತ್ತದೆ.

ಪ್ರಶ್ನೆ: ಪತಿ ಹೇಳಿದವರಿಗೇ ಮತ ಹಾಕಬೇಕೇ?
– ಓರ್ವ ಗೃಹಿಣಿ, ಉಡುಪಿ

ಉತ್ತರ: ಬೇಡ. ಮತವನ್ನು ಉಲಮಾಗಳಲ್ಲಿ (ಧಾರ್ಮಿಕ ವಿದ್ವಾಂಸರಲ್ಲಿ) ಹಲವರು ಸಾಕ್ಷ್ಯವೆಂದೇ ಪರಿಗಣಿಸಿದ್ದಾರೆ, ಸಾಕ್ಷ್ಯವನ್ನು ಮುಚ್ಚಿಡಬೇಡಿ ಎಂದು ಕುರ್‌ಆನ್ ಹೇಳುತ್ತದೆ (2:283). ಯಾರು ಅರ್ಹರೆಂದು ನಿಮಗೆ ತೋರುತ್ತದೋ ಅವರಿಗೆ ಹಾಕಿ. ಪತಿಯ ಜೊತೆ ಚರ್ಚಿಸುವುದಕ್ಕೆ ಅಡ್ಡಿಯಿಲ್ಲ. ಮತಗಟ್ಟೆಯಲ್ಲಿ ಮುಖ ನೋಡಿ ಗುರುತು ಹಿಡಿಯಲು ಮಹಿಳಾ ಸಿಬ್ಬಂದಿಯನ್ನು ಕೇಳಬಹುದು.