ಬಾಂಬು ಬಿಟ್ಟಿದ್ದನ್ನು ನಕ್ಷೆ ಕೆಡವಿತು

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಹಳೇ ರೈಲ್ವೆ ಚಾವಣಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅಗಲವಾದ ಚಾವಣಿ ಅದು, ಈಗ ಇಲ್ಲ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಮ್ಮ ಕಡೆಯ ಮಕ್ಕಳು ಎಷ್ಟೊಂದು ಜನ ಆ ಊರಿನಲ್ಲಿ ಓದುತ್ತಿದ್ದಾರೆ ಅಂತ ಈಗ ಗೊತ್ತಾಯಿತು. ಹಾಗಾಗಿ ಈ ಸಲ ಪೂರ್ತಿ ಅಲ್ಲಿಯದೇ ಪ್ರಶ್ನೆಗಳು. ಗೋಡೆ ಬಿರುಕು, ಮಾಳಿಗೆ ಸೋರುವುದು, ಖಾತೆ ಬದಲಾವಣೆ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಡೆಯಿರಿ.

ಪ್ರಶ್ನೆ: ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಊರು ತೋರಿಸಿದರೆ ಎಲ್ಲಿ ನೋಡಿದರೂ ಗಾಜು. ಅಷ್ಟು ಹಳೇ ಕಾರ್ಖಾನೆ ಊರು ಅಂತೀರಿ. ಹಳೇದೆಲ್ಲ ಹಿಟ್ಲರನ ಬಾಂಬಿಗೆ ಹೋಯಿತಾ ಸರ್? — ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಒಂದಿಷ್ಟು ಬಾಂಬಿಗೆ ಹೋಯಿತು. ಜಾಸ್ತಿ ಹೋಗಿದ್ದು ಆಮೇಲೆ, ಅವರ ಕೈಯಿಂದಲೇ.

ಮೊದಲು ಮಾರ್ಕೆಟ್ ಹಾಲ್ ನೋಡಿ. ಚಾರ್ಲ್ಸ್ ಎಡ್ಜ್ ಅನ್ನುವವರು ವಿನ್ಯಾಸ ಮಾಡಿದ್ದು, 1835ರಲ್ಲಿ ತೆರೆಯಿತು. ಒಳಗೆ 600 ಅಂಗಡಿಗಳಿಗೆ ಜಾಗ. 1940ರ ಆಗಸ್ಟಿನಲ್ಲಿ ಬೆಂಕಿ ಬಾಂಬು ಬಿದ್ದು ಚಾವಣಿ ಪೂರ್ತಿ ಹೋಯಿತು. ಒಳಗಿದ್ದ ದೊಡ್ಡ ಗಡಿಯಾರವೂ ಸುಟ್ಟಿತು. ಆದರೆ ಗೋಡೆ ನಿಂತೇ ಇದ್ದವು! ವ್ಯಾಪಾರಿಗಳು ಆ ಗೋಡೆಗಳ ನಡುವೆ ಬಯಲಲ್ಲೇ ಅಂಗಡಿ ಹಾಕಿಕೊಂಡು ಇನ್ನೂ 20 ವರ್ಷದ ಮೇಲೆ ವ್ಯಾಪಾರ ಮಾಡಿದರು. ಆ ಗೋಡೆಗಳನ್ನು ಕೆಡವಿದ್ದು 1960ರ ದಶಕದ ಶುರುವಿನಲ್ಲಿ, ಹೊಸ ಶಾಪಿಂಗ್ ಸೆಂಟರ್‌ಗೋಸ್ಕರ. ಬುಲ್ ರಿಂಗ್ ಸೆಂಟರ್ ಅಂತ ಅದರ ಹೆಸರು, 1964ರಲ್ಲಿ ಶುರುವಾಯಿತು. ಭಾರಿ ಸುದ್ದಿ ಮಾಡಿತು. ಅದು 40 ವರ್ಷವೂ ಬಾಳಲಿಲ್ಲ. ಅದನ್ನೂ ಕೆಡವಿ 2003ರಲ್ಲಿ ಇನ್ನೊಂದು ಕಟ್ಟಿದರು. ನಿಮ್ಮ ಮಗ ತೋರಿಸುವ ಬುಲ್‌ರಿಂಗ್ ಈ ಎರಡನೆಯದು.

ನ್ಯೂ ಸ್ಟ್ರೀಟ್ ಸ್ಟೇಷನ್ನಿನದೂ ಹೀಗೇ. ಹೋದ ಸಲ ಹೇಳಿದ ಚಾವಣಿ ಇಲ್ಲಿಯದೇ. 1854ರ ಆ ಕಬ್ಬಿಣದ ಚಾವಣಿ 840 ಅಡಿ ಉದ್ದ, 212 ಅಡಿ ಅಗಲ. ನಡುವೆ ಒಂದೇ ಒಂದು ಕಂಬ ಇರಲಿಲ್ಲ. 1868ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಬರುವ ತನಕ ಅದನ್ನು ಮೀರಿಸಿದ್ದು ಇರಲಿಲ್ಲ. ಯುದ್ಧದಲ್ಲಿ ಪೆಟ್ಟು ತಿಂದಿತು, ಯುದ್ಧ ಮುಗಿದ ಮೇಲೆ ಇಳಿಸಿಬಿಟ್ಟರು. ಅದು ಬಾಂಬಿನ ಲೆಕ್ಕ ಅನ್ನೋಣ. ಆದರೆ ಉಳಿದ ಸ್ಟೇಷನ್ನನ್ನು 1960ರ ದಶಕದಲ್ಲಿ ಕೆಡವಿ, ಹಳಿಗಳ ಮೇಲೆ ಕಾಂಕ್ರೀಟ್ ಹಾಸಿ, ಅದರ ಮೇಲೆ ಅಂಗಡಿ ಕಟ್ಟಿದ್ದು ಯಾವ ಬಾಂಬೂ ಅಲ್ಲ. ಪ್ಲಾಟ್‌ಫಾರಂಗೆ ಹಗಲು ಬೆಳಕೇ ಇಲ್ಲದ ಹಾಗಾಯಿತು. 2015ರಲ್ಲಿ ಮತ್ತೆ ಕೋಟಿಗಟ್ಟಲೆ ಖರ್ಚು ಮಾಡಿ ಮೇಲ್ಭಾಗ ಸರಿಮಾಡಿದರು. ಕೆಳಗೆ ಪ್ಲಾಟ್‌ಫಾರಂನಲ್ಲಿ ಇವತ್ತಿಗೂ ಕತ್ತಲೇ.

ಅಲ್ಲೇ ಹತ್ತಿರ ಸ್ನೋ ಹಿಲ್ ಅಂತ ಇನ್ನೊಂದು ದೊಡ್ಡ ಸ್ಟೇಷನ್ ಇತ್ತು. 1972ರಲ್ಲಿ ಮುಚ್ಚಿದರು, 1977ರಲ್ಲಿ ಕೆಡವಿದರು, ಕಾರು ನಿಲ್ಲಿಸುವ ಜಾಗ ಮಾಡಿದರು. 1987ರಲ್ಲಿ ಅದೇ ಜಾಗದಲ್ಲಿ ಹೊಸ ಸ್ಟೇಷನ್ ತೆರೆದರು. ನಗಬೇಕೋ ಅಳಬೇಕೋ ನೀವೇ ಹೇಳಿ.

ಇದರ ಹಿಂದೆ ಒಬ್ಬರ ಹೆಸರು ಮತ್ತೆ ಮತ್ತೆ ಬರುತ್ತದೆ. ಹರ್ಬರ್ಟ್ ಮ್ಯಾಂಜೋನಿ. 1935ರಿಂದ 1963ರವರೆಗೆ ಆ ನಗರದ ಇಂಜಿನಿಯರ್. ಊರಿನ ನಡುಭಾಗದ ಸುತ್ತ ಒಂದು ರಿಂಗ್ ರೋಡ್ ಮಾಡಬೇಕು ಅನ್ನುವುದು ಅವರ ಯೋಜನೆ. 1957ರಲ್ಲಿ ಕೆಲಸ ಶುರು, 1971ರಲ್ಲಿ ಮುಗಿಯಿತು. ದಾರಿಗೆ ಅಡ್ಡ ಬಂದದ್ದೆಲ್ಲ ಹೋಯಿತು. ಈ ಊರಿನ ಕಟ್ಟಡಗಳಲ್ಲಿ ಅಂಥ ಬೆಲೆಬಾಳುವುದು ಏನೂ ಇಲ್ಲ ಅನ್ನುವ ಅರ್ಥದ ಮಾತನ್ನು ಅವರು ಬಹಿರಂಗವಾಗಿಯೇ ಆಡಿದ್ದರು.

ನಾನು ಅವರನ್ನು ಸುಮ್ನೆ ಬೈಯುವುದಿಲ್ಲ. ನಾನೂ ನಕ್ಷೆ ಎಳೆದೇ ಹೊಟ್ಟೆ ಹೊರೆದವನು. ರಸ್ತೆಯ ಮಧ್ಯಗೆರೆ ಎಳೆಯುವಾಗ ಯಾರದೋ ಮನೆ ಹಾಳೆಯ ಮೇಲೆ ಬರೀ ಒಂದು ಚೌಕ. ಗೋಡೆ ಮೇಲೆ ಕೆಂಪು ಬಣ್ಣದ ಗುರುತು ಬಿದ್ದ ಮೇಲೆಯೇ ಅದು ಮನೆ ಅಂತ ಕಾಣುವುದು. ಬಳ್ಳಾರಿಯಲ್ಲಿ ರಸ್ತೆ ಅಗಲ ಮಾಡಿದಾಗ ನೀವೂ ನೋಡಿದ್ದೀರಿ, ಅಲ್ವಾ? ಅದಲ್ಲದೆ ಆ ಊರಿನಲ್ಲಿ ಸಾವಿರಾರು ಸಂಸಾರ ನೀರಿಲ್ಲದ, ಗಾಳಿಯಿಲ್ಲದ ಮನೆಗಳಲ್ಲಿ ಇದ್ದವು. ಅವುಗಳನ್ನು ತೆಗೆಸಿದ್ದೂ ಇದೇ ಮನುಷ್ಯ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೊಳೆತ ಮನೆಗೂ ಮೇಸನ್ ಕಾಲೇಜಿಗೂ ಒಂದೇ ಗುದ್ದಲಿ ಹಾಕಿದ್ದಕ್ಕೆ.

ಜೋಸಯಾ ಮೇಸನ್ ಬಡ ನೇಕಾರನ ಮಗ. ಹುಡುಗನಾಗಿದ್ದಾಗ ಬೀದಿಯಲ್ಲಿ ಕೇಕು ಮಾರಿದವನು. ಆಮೇಲೆ ಪೆನ್ನಿನ ನಿಬ್ಬು ಮಾಡಿ ಕೋಟ್ಯಧಿಪತಿಯಾದ. ಆ ದುಡ್ಡಿನಲ್ಲಿ ವಿಜ್ಞಾನ ಕಾಲೇಜು ಕಟ್ಟಿಸಿದ, 1880ರಲ್ಲಿ ತೆರೆಯಿತು. 1900ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಆ ಕಾಲೇಜೇ ಬೇರು. ಕೆಂಪು ಇಟ್ಟಿಗೆಯ, ಚೂಪು ಕಮಾನುಗಳ ಗಟ್ಟಿ ಕಟ್ಟಡ. 1960ರ ದಶಕದಲ್ಲಿ ಅದನ್ನೂ ಕೆಡವಿದರು. ಬಾಂಬು ಅದನ್ನು ಬಿಟ್ಟಿತ್ತು.

ಪ್ರಶ್ನೆ: ನಮ್ಮ ತಾತನ ಕಾಲದ ರೈಸ್ ಮಿಲ್ಲು ಮೊದಲು ಸ್ಟೀಮ್ ಎಂಜಿನ್ನಿನ ಮೇಲೆ ನಡೆಯುತ್ತಿತ್ತಂತೆ. ಜೇಮ್ಸ್ ವ್ಯಾಟ್ ಎಂಜಿನ್ ಮಾಡಿದ ಕಾರ್ಖಾನೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಈಗಲೂ ಇದೆಯಾ? — ಮಿಲ್ ಮಾಲೀಕರು, ಗಂಗಾವತಿ

ಉತ್ತರ: ಇಲ್ಲ. ಸೋಹೋ ಮ್ಯಾನುಫ್ಯಾಕ್ಟರಿ ಅಂತ ಅದರ ಹೆಸರು. ಮ್ಯಾಥ್ಯೂ ಬೌಲ್ಟನ್ ಕಟ್ಟಿಸಿದ್ದು, 1766ರ ಹೊತ್ತಿಗೆ ಮುಖ್ಯ ಕಟ್ಟಡ ಮುಗಿದಿತ್ತು. ನೋಡಿದರೆ ಕಾರ್ಖಾನೆ ಅನ್ನಿಸದು, ಅರಮನೆ ಹಾಗಿತ್ತು. ಚಿತ್ರ ಮಾತ್ರ ಉಳಿದಿವೆ. ಗುಂಡಿ, ಬಕಲ್, ಬೆಳ್ಳಿ ಸಾಮಾನು ಮಾಡುವುದು ಅಲ್ಲಿಯ ಮೂಲ ಕಸುಬು. ವ್ಯಾಟ್ ಪಾಲುದಾರನಾಗಿ ಸೇರಿದ್ದು 1775ರಲ್ಲಿ. 1863ರಲ್ಲಿ ಕಟ್ಟಡ ಕೆಡವಿದರು. ಅಂದರೆ ಮ್ಯಾಂಜೋನಿ ಹುಟ್ಟುವ ಮುಂಚೆಯೇ. ಆ ಊರಿಗೆ ಕೆಡವುವ ಚಾಳಿ ಹೊಸದಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಎಂಜಿನ್ನಿನ ಭಾಗಗಳನ್ನು ತಾವೇ ಎರಕ ಹೊಯ್ಯಲು ಅವರು 1796ರಲ್ಲಿ ಪಕ್ಕದ ಸ್ಮೆತಿಕ್‌ನಲ್ಲಿ ಸೋಹೋ ಫೌಂಡ್ರಿ ತೆರೆದರು. ಅದು ಕೊನೆಗೆ ತಕ್ಕಡಿ ಮಾಡುವ ಏವರಿ ಕಂಪನಿ ಕೈಗೆ ಹೋಯಿತು. ಹಳೇ ಮಿಲ್ಲಿನವರು ನೀವು, ಏವರಿ ತಕ್ಕಡಿ ಹೆಸರು ಕೇಳೇ ಇರುತ್ತೀರಿ.

ನಮ್ಮ ಸೀಮೆಗೆ ಸೇರಿದ ಇನ್ನೊಂದು ವಿಷಯ ಹೇಳಲೇಬೇಕು. ಬೌಲ್ಟನ್ 1788ರಲ್ಲಿ ಸೋಹೋದಲ್ಲಿ ಒಂದು ಟಂಕಸಾಲೆ ಶುರು ಮಾಡಿದ. ಉಗಿ ಶಕ್ತಿಯಿಂದ ನಾಣ್ಯ ಒತ್ತುವುದು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯಕ್ಕೆ ಅಂತ 1803ರಲ್ಲಿ, 1808ರಲ್ಲಿ ತಾಮ್ರದ ಕಾಸು ಹೊಡೆಸಿದ್ದು ಅಲ್ಲಿಯೇ. ಹತ್ತು ಕಾಸು, ಇಪ್ಪತ್ತು ಕಾಸು ಅಂತ ಇದ್ದವು. ಬಳ್ಳಾರಿಯನ್ನು ನಿಜಾಮರು ಕಂಪನಿಗೆ ಬಿಟ್ಟುಕೊಟ್ಟಿದ್ದು 1800ರಲ್ಲಿ. ಹಾಗಾಗಿ ಈ ಕಾಸು ಇಲ್ಲಿಗೂ ಬಂದಿರಬೇಕು. ನಿಮ್ಮ ಗಂಗಾವತಿ ನಿಜಾಮರ ಕಡೆಯೇ ಉಳಿಯಿತು, ನಿಮಗೆ ಬೇರೆ ನಾಣ್ಯ. 1808ರ ಕಾಸು ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡನರ್ ಅನ್ನುವ ಹಡಗು 1809ರಲ್ಲಿ ಇಂಗ್ಲೆಂಡಿನ ದಡದ ಹತ್ತಿರವೇ ಮುಳುಗಿತು. ಆ ಕಾಸುಗಳನ್ನು ಈಚೆಗೆ ಸಮುದ್ರದಿಂದ ಎತ್ತಿ ಮಾರಿದ್ದಾರೆ. ಹೊಡೆದ ಕಟ್ಟಡ ನೆಲಸಮ, ನೀರಿಗೆ ಬಿದ್ದ ಕಾಸು ಭದ್ರ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಬ್ಯಾಸ್ಕರ್‌ವಿಲ್ ಅಂತ ಒಂದು ಫಾಂಟ್ ಇದೆ. ಆ ಹೆಸರಿನ ಮನುಷ್ಯನ ಹೆಣವನ್ನು ಊರೆಲ್ಲ ತಿರುಗಿಸಿದರು ಅಂತ ಗೆಳತಿ ಹೇಳಿದಳು. ನಿಜವಾ? — ವಿದ್ಯಾರ್ಥಿನಿ, ರಾಯಚೂರು

ಉತ್ತರ: ನಿಜ ತಾಯಿ. ಜಾನ್ ಬ್ಯಾಸ್ಕರ್‌ವಿಲ್ ಬರ್ಮಿಂಗ್‌ಹ್ಯಾಮ್‌ನ ಮುದ್ರಕ. ಅವನ ಮೊದಲ ಪುಸ್ತಕ ಬಂದಿದ್ದು 1757ರಲ್ಲಿ. ದೇವರು, ಚರ್ಚು ಅಂದರೆ ಆಗದ ಮನುಷ್ಯ. ನನ್ನನ್ನು ಚರ್ಚಿನ ನೆಲದಲ್ಲಿ ಹೂಳಬೇಡಿ, ನನ್ನ ತೋಟದಲ್ಲೇ ಹೂಳಿ ಅಂತ ಬರೆದಿಟ್ಟಿದ್ದ. 1775ರಲ್ಲಿ ಸತ್ತ. ಹಾಗೇ ಮಾಡಿದರು.

1791ರಲ್ಲಿ ಊರಿನಲ್ಲಿ ಗಲಭೆಯಾಗಿ ಅವನ ಮನೆಗೆ ಬೆಂಕಿ ಬಿತ್ತು. ಆಗ ಆ ಮನೆಯಲ್ಲಿ ಬೇರೆಯವರಿದ್ದರು. ತೋಟದ ಜಾಗ ಕಾಲುವೆ ದೋಣಿಗಳ ಕಟ್ಟೆಯಾಯಿತು. ಅಗೆಯುವಾಗ ಹೆಣದ ಪೆಟ್ಟಿಗೆ ಸಿಕ್ಕಿತು. ಕೆಲ ಕಾಲ ಅಂಗಡಿಯಲ್ಲಿಟ್ಟು ಜನರಿಗೆ ತೋರಿಸಿದರಂತೆ! ಕೊನೆಗೆ ತಂದು ಇಟ್ಟಿದ್ದು ಎಲ್ಲಿ? ಕ್ರೈಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ. ಅದೂ ನಿಲ್ಲಲಿಲ್ಲ. 1899ರ ಹೊತ್ತಿಗೆ ಆ ಚರ್ಚನ್ನೇ ಕೆಡವಿ ಅಂಗಡಿ ಕಟ್ಟಿದರು. ಬ್ಯಾಸ್ಕರ್‌ವಿಲ್ ಮತ್ತೆ ಗಂಟುಮೂಟೆ ಕಟ್ಟಿ ವಾರ್‌ಸ್ಟೋನ್ ಲೇನ್ ಸ್ಮಶಾನಕ್ಕೆ ಹೋದ. ಅದೂ ಚರ್ಚಿನವರ ಸ್ಮಶಾನವೇ.

ಅಕ್ಷರದ ಬಗ್ಗೆ ಆಸಕ್ತಿ ಇದ್ದರೆ ಬಳ್ಳಾರಿಯಲ್ಲಿ ಹುಡುಕಲು ಬೇಕಾದಷ್ಟಿದೆ. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಇಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದರು. ಮಿಷನ್ ಅಚ್ಚುಕೂಟವೂ ಇಲ್ಲಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಪ್ರಶ್ನೆ: ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಅಲ್ಲಿ ಇಡೀ ಸೆಂಟ್ರಲ್ ಲೈಬ್ರರಿಯನ್ನು 40 ವರ್ಷಕ್ಕೇ ಕೆಡವಿದರಂತೆ. ಕಾಂಕ್ರೀಟು ಅಷ್ಟು ಬೇಗ ಹಾಳಾಗುತ್ತದಾ? — ಓದುಗರೊಬ್ಬರು, ಕೊಪ್ಪಳ

ಉತ್ತರ: ಕಾಂಕ್ರೀಟು ಹಾಳಾಗಲಿಲ್ಲ ಸಾರ್, ಜನರ ಮನಸ್ಸು ಬದಲಾಯಿತು. ಜಾನ್ ಮ್ಯಾಡಿನ್ ವಿನ್ಯಾಸ ಮಾಡಿದ ಕಟ್ಟಡ ಅದು, 1974ರಲ್ಲಿ ತೆರೆಯಿತು. ಮೇಲೆ ಹೋದಷ್ಟೂ ಅಗಲ, ಕೆಳಗೆ ಕಿರಿದು. ಹೊರಗೆ ಒಳ್ಳೆ ಕಲ್ಲು ಹೊದಿಸಬೇಕು ಅಂತ ಮ್ಯಾಡಿನ್ ಆಸೆ. ದುಡ್ಡು ಉಳಿಸಲು ಅದನ್ನು ಬಿಟ್ಟು ಕಾಂಕ್ರೀಟ್ ಹಲಗೆ ಹಾಕಿದರು. ಆಮೇಲೆ ಕಾಂಕ್ರೀಟು ಚೆನ್ನಾಗಿ ಕಾಣುವುದಿಲ್ಲ ಅಂತ ಅವರೇ ಬೈದರು! ಆಗ ರಾಜಕುಮಾರರಾಗಿದ್ದ ಚಾರ್ಲ್ಸ್, ಇದು ಪುಸ್ತಕ ಇಡುವ ಜಾಗಕ್ಕಿಂತ ಸುಡುವ ಜಾಗದ ಹಾಗಿದೆ ಅನ್ನುವ ಧಾಟಿಯಲ್ಲಿ ಗೇಲಿ ಮಾಡಿದ್ದರು. ಪಾರಂಪರಿಕ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಇದನ್ನು ಉಳಿಸಿಕೊಳ್ಳಬೇಕಾದ ಕಟ್ಟಡಗಳ ಪಟ್ಟಿಗೆ ಸೇರಿಸಿ ಅಂತ ಶಿಫಾರಸು ಮಾಡಿತು. ಸರ್ಕಾರ ಒಪ್ಪಲಿಲ್ಲ. 2013ರಲ್ಲಿ ಹೊಸ ಲೈಬ್ರರಿ ತೆರೆಯಿತು, ಮಲಾಲಾ ಯೂಸುಫ್‌ಝೈ ಉದ್ಘಾಟಿಸಿದರು. 2015ರ ಕೊನೆಗೆ ಹಳೆಯದನ್ನು ಕೆಡವಲು ಶುರು ಮಾಡಿದರು.

ಈ 1974ರ ಲೈಬ್ರರಿ ಬಂದಾಗ ಅದರ ಹಿಂದಿನ ಲೈಬ್ರರಿಯನ್ನು ಕೆಡವಿದ್ದರು. ಅದು 1882ರದು. ಅದನ್ನು ಕಟ್ಟಿದ್ದೇಕೆ? ಅದಕ್ಕೂ ಹಿಂದಿನದು 1879ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಅಂದರೆ ಈಗಿರುವುದು ನಾಲ್ಕನೆಯದು.

ಆದರೆ 1882ರ ಲೈಬ್ರರಿಯಿಂದ ಒಂದು ಕೋಣೆ ಉಳಿದಿದೆ. ಷೇಕ್ಸ್‌ಪಿಯರ್ ಪುಸ್ತಕಗಳಿಗೆ ಅಂತಲೇ ಜೆ. ಎಚ್. ಚೇಂಬರ್ಲೇನ್ ಮಾಡಿದ ಕೋಣೆ. ಕೆತ್ತನೆಯ ಮರ, ಗಾಜಿನ ಬೀರುಗಳು. ಕಟ್ಟಡ ಕೆಡವುವ ಮುಂಚೆ ಅದನ್ನು ಬಿಚ್ಚಿ ತೆಗೆದು 1974ರ ಕಟ್ಟಡಗಳ ಸಾಲಿನಲ್ಲಿ ಕೂರಿಸಿದರು. ಅದನ್ನೂ ಕೆಡವುವಾಗ ಮತ್ತೆ ಬಿಚ್ಚಿ ಹೊಸ ಲೈಬ್ರರಿಯ ತುದಿಗೆ ಏರಿಸಿದರು. ನನ್ನ ಕಸುಬಿನವರು ಇದನ್ನು ಗಮನಿಸಬೇಕು. ಒಂದು ಕೋಣೆಯನ್ನು ಎರಡು ಸಲ ಬಿಚ್ಚಿ ಕೂರಿಸಬೇಕಾದರೆ ಪ್ರತಿ ಹಲಗೆಯ ಅಳತೆ, ಜಾಗ ಯಾರೋ ಸರಿಯಾಗಿ ಗುರುತು ಮಾಡಿಕೊಂಡಿರಬೇಕು. ನಮ್ಮ ಕಡೆ ಮಾಳಿಗೆ ಮನೆ ಕೆಡವುವಾಗ ಕೆತ್ತನೆಯ ಬಾಗಿಲು, ಕಂಬ ನೇರ ಗುಜರಿಗೆ ಹೋಗುತ್ತವೆ. ಒಂದು ಫೋಟೋ ತೆಗೆದು, ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಲು ಅರ್ಧ ದಿನ ಸಾಕು. ಅದನ್ನೂ ಯಾರೂ ಮಾಡುವುದಿಲ್ಲ.

ಪ್ರಶ್ನೆ: ಕೆಡವಬಾರದು ಅಂತ ಅಲ್ಲಿ ಕಾನೂನು ಇರಲಿಲ್ಲವಾ? — ವಕೀಲರು, ಸಿರುಗುಪ್ಪ

ಉತ್ತರ: ಇತ್ತು. ಕಟ್ಟಡಗಳ ಪಟ್ಟಿ ಮಾಡುವ ಕಾನೂನು 1947ರಲ್ಲೇ ಬಂದಿತ್ತು. ಆದರೆ ವಿಕ್ಟೋರಿಯಾ ರಾಣಿ ಕಾಲದ ಕಟ್ಟಡ ಅಂದರೆ ಆಗಿನವರಿಗೆ ತಾತ್ಸಾರ. ಅವುಗಳ ಪರವಾಗಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿದ್ದೇ 1958ರಲ್ಲಿ. ಬರ್ಮಿಂಗ್‌ಹ್ಯಾಮ್‌ನ 1891ರ ದೊಡ್ಡ ಪೋಸ್ಟ್ ಆಫೀಸು 1970ರ ದಶಕದಲ್ಲಿ ಉಳಿದಿದ್ದು ಅಂಥ ಜನ ಗಲಾಟೆ ಮಾಡಿದ್ದಕ್ಕೆ. ಇನ್ನು ಕೆಲವು ಉಳಿದಿದ್ದು ಯಾರ ಕಣ್ಣಿಗೂ ಬೀಳದೆ. 1838ರಲ್ಲಿ ಫಿಲಿಪ್ ಹಾರ್ಡ್‌ವಿಕ್ ಲಂಡನ್–ಬರ್ಮಿಂಗ್‌ಹ್ಯಾಮ್ ರೈಲಿಗೆ ಎರಡು ತುದಿಯಲ್ಲಿ ಎರಡು ಹೆಬ್ಬಾಗಿಲು ಕಟ್ಟಿದರು. ಲಂಡನ್ನಿನ ಯೂಸ್ಟನ್ ಕಮಾನನ್ನು 1961ರಲ್ಲಿ ಕೆಡವಲು ಶುರು ಮಾಡಿದರು. ಬರ್ಮಿಂಗ್‌ಹ್ಯಾಮ್‌ನ ಕರ್ಜನ್ ಸ್ಟ್ರೀಟ್ ಮಾತ್ರ ಗೂಡ್ಸ್ ಶೆಡ್ಡಾಗಿ ಮೂಲೆಯಲ್ಲಿ ಬಿದ್ದಿತ್ತು. ಹಾಗಾಗಿ ಬಚಾವಾಯಿತು. ಈಗ ಅದರ ಪಕ್ಕದಲ್ಲೇ ಹೊಸ ಹೈಸ್ಪೀಡ್ ರೈಲಿನ ಸ್ಟೇಷನ್ ಏಳುತ್ತಿದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಬರ್ಮಿಂಗ್‌ಹ್ಯಾಮ್‌ಗೆ ಹೊರಟಿದ್ದೇನೆ. ಬಿಡುವಾದಾಗ ಏನು ನೋಡಲಿ ಅಣ್ಣಾ? — ಗೃಹಿಣಿ, ಲಿಂಗಸುಗೂರು

ಉತ್ತರ: ಮೊದಲು ಹರ್ಸ್ಟ್ ಸ್ಟ್ರೀಟಿನ ಬ್ಯಾಕ್ ಟು ಬ್ಯಾಕ್ಸ್ ನೋಡಮ್ಮ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕೂಲಿಕಾರರ ಮನೆಗಳು. ಹಿತ್ತಲ ಬಾಗಿಲೇ ಇಲ್ಲ. ಮೂರು ಅಂತಸ್ತು, ಅಂತಸ್ತಿಗೆ ಒಂದೇ ಕೋಣೆ. ನಡುವೆ ಒಂದು ಅಂಗಳ, ಬಟ್ಟೆ ಒಗೆಯಲು ಎಲ್ಲರಿಗೂ ಸೇರಿ ಒಂದು ಕೋಣೆ, ಪಾಯಿಖಾನೆಯೂ ಎಲ್ಲರಿಗೂ ಸೇರಿಯೇ. ಇಂಥವು ಊರ ತುಂಬ ಸಾವಿರಾರು ಇದ್ದವು. ಒಂದು ಅಂಗಳದ ಸುತ್ತ ಇರುವುದಷ್ಟೇ ಈಗ ಉಳಿದಿದೆ. ನ್ಯಾಷನಲ್ ಟ್ರಸ್ಟ್ ರಿಪೇರಿ ಮಾಡಿಸಿ 2004ರಲ್ಲಿ ತೆರೆಯಿತು. ಬೌಲ್ಟನ್ ವಾಸವಿದ್ದ ಸೋಹೋ ಹೌಸ್ ಈಗ ಮ್ಯೂಸಿಯಂ, ಅದನ್ನೂ ನೋಡಬಹುದು. ಲೈಬ್ರರಿಯ ತುದಿಯ ಷೇಕ್ಸ್‌ಪಿಯರ್ ಕೋಣೆಗೆ ಹೋಗುವ ಮುಂಚೆ ತೆರೆದಿರುವ ದಿನ ಯಾವುದು ಅಂತ ಮಗಳಿಗೆ ನೋಡಲು ಹೇಳು.

ಬ್ಯಾಕ್ ಟು ಬ್ಯಾಕ್ಸ್‌ಗೆ ಸುಮ್ನೆ ಹೋದರೆ ಒಳಗೆ ಬಿಡುವುದಿಲ್ಲ. ಗೈಡ್ ಜೊತೆಗೇ ಹೋಗಬೇಕು, ಮುಂಚೆಯೇ ಬುಕ್ ಮಾಡಿಸು. ಮೆಟ್ಟಿಲು ಬಹಳ ಕಡಿದು, ಕಿರಿದು. ಮಂಡಿ ನೋವಿದ್ದರೆ ಬುಕ್ ಮಾಡುವಾಗಲೇ ತಿಳಿಸು. ಸೀರೆ ಉಟ್ಟು ಹೋಗುವುದಾದರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತು.