ಎರಡು ಬೂದು ಟಿಕ್

ತಿಪಟೂರಿನ ಓದುಗಿಯೊಬ್ಬರ ಪತ್ರ: ಎರಡು ವರ್ಷದ ಪ್ರೀತಿ, ಧರ್ಮ ಬೇರೆ, ಎರಡೂ ಮನೆಗೆ ಗೊತ್ತಿಲ್ಲ. ಹುಡುಗನ ಫೋನಿನಲ್ಲಿ ಇವರ ಹೆಸರು ‘ಗ್ಯಾಸ್ ಏಜೆನ್ಸಿ’. ರಾತ್ರಿ ಹನ್ನೊಂದಕ್ಕೆ ಆತ ವಾಟ್ಸಾಪ್‌ನಲ್ಲಿ ಆನ್‌ಲೈನ್. ಇವರ ಮೆಸೇಜಿಗೆ ಮಾತ್ರ ಎರಡು ಬೂದು ಟಿಕ್. ‘ಆಫೀಸಿನವಳ ಜೊತೆ ಮಾತಾಡ್ತಿರ್ತಾನೆ. ಇದು ನನ್ನ ಹೊಟ್ಟೆಕಿಚ್ಚಾ, ನಿಜಾನಾ?’

ಸಂ: ಎರಡು ವರ್ಷ ಗ್ಯಾಸ್ ಏಜೆನ್ಸಿಯಾಗಿ ಬದುಕಿದವರಿಗೆ ಹೊಟ್ಟೆಕಿಚ್ಚು ಬರದಿದ್ದರೇ ಆಶ್ಚರ್ಯ. ಆದರೆ ನಿಮ್ಮ ಸಾಕ್ಷಿ ತೀರಾ ಬಡಕಲು. ಆನ್‌ಲೈನ್ ಎಂದರೆ ಆ್ಯಪ್ ತೆರೆದಿದೆ, ನೆಟ್ ಇದೆ, ಅಷ್ಟೇ. ಅಪಾರ್ಟ್‌ಮೆಂಟ್ ಗ್ರೂಪಿನ ನೀರಿನ ಜಗಳ ಓದುತ್ತಿದ್ದರೂ ಆನ್‌ಲೈನೇ. ಎರಡು ಬೂದು ಟಿಕ್ ಬಿದ್ದರೆ ಮೆಸೇಜು ಫೋನಿಗೆ ತಲುಪಿದೆ. ಗುಟ್ಟಿನ ಪ್ರೀತಿಯವರು ಚಾಟನ್ನು ಆರ್ಕೈವ್‌ಗೆ ಹಾಕಿ ಬಚ್ಚಿಡುತ್ತಾರೆ. ಅಲ್ಲಿ ಬಿದ್ದ ಮೆಸೇಜಿಗೆ ನೋಟಿಫಿಕೇಶನ್ ಬರುವುದಿಲ್ಲ, ಚಾಟ್ ಮೇಲಕ್ಕೂ ಏಳುವುದಿಲ್ಲ. ನಿಮ್ಮನ್ನು ಕಾಪಾಡಲೆಂದು ಮಾಡಿದ್ದೇ ನಿಮ್ಮನ್ನು ಕಡೆಗಣಿಸಿದಂತೆ ಕಾಣುತ್ತದೆ. ಇನ್ನೊಂದು: ಮನೆಯವರ ಕಣ್ಣು ತಪ್ಪಿಸಲು ನೀವೇ ಪ್ರೈವೆಸಿಯಲ್ಲಿ ರೀಡ್ ರಿಸೀಟ್ (ಓದಿದರೆ ಟಿಕ್ ನೀಲಿಯಾಗುವ ಸೌಲಭ್ಯ) ಆಫ್ ಮಾಡಿದ್ದರೆ, ಆತ ಓದಿದರೂ ನಿಮಗೆ ನೀಲಿ ಕಾಣದು. ವಾಯ್ಸ್ ಮೆಸೇಜಿಗೆ ಮಾತ್ರ ಈ ಮರೆಯಿಲ್ಲ, ಕೇಳಿದರೆ ಮೈಕಿನ ಗುರುತು ನೀಲಿಯಾಗುತ್ತದೆ. (ಅದನ್ನು ಬಲೆ ಮಾಡಿಕೊಳ್ಳಬೇಡಿ.)

ಆತನ ತಪ್ಪೇ ಇಲ್ಲ ಎನ್ನುತ್ತಿಲ್ಲ. ‘ರಾತ್ರಿ ಮಾತಾಡೋಕಾಗಲ್ಲ’ ಎಂದು ಸಂಜೆಯೇ ಒಂದು ಸಾಲು ಹಾಕಬಹುದಿತ್ತು.

ದುಷ್ಯಂತ ಶಕುಂತಲೆಯನ್ನು ಮರೆತ ಎಂದೇ ನಾವೆಲ್ಲ ನಂಬಿದ್ದೇವೆ. ಆ ಉಂಗುರ, ಶಾಪ ಎರಡೂ ಕಾಳಿದಾಸನವು. ಮಹಾಭಾರತದ ಆದಿಪರ್ವದಲ್ಲಿ ದೊರೆಗೆ ಎಲ್ಲ ನೆನಪಿದೆ. ಸಾಕ್ಷಿಯಿಲ್ಲದ ಗಾಂಧರ್ವ ವಿವಾಹವನ್ನು ಜನ ನಂಬಲಾರರೆಂದು ತುಂಬಿದ ಸಭೆಯಲ್ಲಿ ‘ನೀನ್ಯಾರೋ ಗೊತ್ತಿಲ್ಲ’ ಎಂದುಬಿಟ್ಟ. ಎದುರು ನಿಂತವಳಿಗೆ ಅವನ ಮನಸ್ಸು ತಿಳಿಯುವುದು ಹೇಗೆ? ಅಶರೀರವಾಣಿಯೇ ಬರಬೇಕಾಯಿತು.

ನಿಮಗೆ ಅಶರೀರವಾಣಿ ಬರುವುದಿಲ್ಲ, ಬರುವುದು ಮದುವೆಯ ನೋಟಿಸು. ಬೇರೆ ಜಾತಿಯ ಹಿಂದೂಗಳಾಗಿದ್ದರೆ ಈ ಗೋಳಿರಲಿಲ್ಲ. ಧರ್ಮ ಬೇರೆಯಾಗಿದ್ದು ಯಾರೂ ಮತಾಂತರವಾಗದೆ ಮದುವೆಯಾಗಬೇಕಿದ್ದರೆ ಸಾಮಾನ್ಯ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ಅರ್ಜಿ, ಅದೇ ನೋಟಿಸು; ಅದರ ಪ್ರತಿಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು; ಖಾಯಂ ಊರು ಬೇರೆಯಾದರೆ ಅಲ್ಲಿನ ಕಚೇರಿಗೂ ಒಂದು ಪ್ರತಿ. ಆಕ್ಷೇಪಕ್ಕೆ 30 ದಿನ. ಕೊನೆಗೆ 3 ಸಾಕ್ಷಿಗಳು. ಎರಡು ವರ್ಷ ಕಾಪಾಡಿದ ಗುಟ್ಟನ್ನು ಸರ್ಕಾರವೇ ಗೋಡೆಗೆ ಅಂಟಿಸುತ್ತದೆ, ಆಮೇಲೆ ಪ್ರೇಮಿಗಳು ಕದ್ದುಮುಚ್ಚಿ ಓಡುತ್ತಾರೆಂದು ನಾವೇ ಗೊಣಗುತ್ತೇವೆ!

ಆಫೀಸಿನವಳ ವಿಚಾರ ಆಮೇಲಿರಲಿ. ಅರ್ಜಿ ಯಾವ ತಿಂಗಳು ಹಾಕೋಣ ಎಂದು ಎದುರು ಕೂತು ಕೇಳಿ. ಫೋನಿನಲ್ಲಿ ಹೆಸರನ್ನೂ ಅಲ್ಲೇ ತಿದ್ದಿಸಿ.